ಕಾಪಿಟ್ಟ ಬಿಡಿಭಾಗಗಳ ಹಳೆಯ ಗ್ರೀಸನ್ನು ಬಿಡಿಸುವ ಬಗೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಅಡೂರು ಕಡೆಯ ತೋಟದ ಮನೆಗಳಲ್ಲಿ ಹಳೆಯ ಜೀಪನ್ನು ಇಂದಿಗೂ ಓಡಿಸುವವರಿದ್ದಾರೆ. ಅಂಥ ಮನೆಯ ಅಟ್ಟ ಹತ್ತಿದರೆ, ಖಾಲಿ ಗೋಣಿಗಳ ಹಿಂದೆ ಮೇಣದ ಕಾಗದ ಸುತ್ತಿದ, ಎತ್ತಿದರೆ ಕೈ ಜಗ್ಗುವಷ್ಟು ಭಾರದ ಪೊಟ್ಟಣವೊಂದು ಸಿಗುವುದುಂಟು. ಬಿಡಿಭಾಗ ಸಿಗದೆ ವಾಹನ ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ನಿಲ್ಲುತ್ತಿದ್ದ ಕಾಲದಲ್ಲಿ, ಸಿಕ್ಕಾಗ ಕೊಂಡು ಇಟ್ಟುಕೊಳ್ಳಬೇಕೆಂದು ಹಿರಿಯರು ತಂದಿಟ್ಟ ವಸ್ತುಗಳು ಅವು: ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡವಾದ ಒಂದು ಕ್ರ್ಯಾಂಕ್, ಒಂದು ಜೊತೆ ಕ್ರೌನ್ ಮತ್ತು ಪಿನಿಯನ್, ಗೇರ್ ಬಾಕ್ಸಿನ ನಾಲ್ಕಾರು ಗೇರುಗಳು, ಕಿಂಗ್‌ಪಿನ್ನುಗಳು. ಕಾಗದ ಬಿಚ್ಚಿದರೆ ಲೋಹ ಕಾಣಿಸುವುದಿಲ್ಲ. ಆರಿ ಗಟ್ಟಿಯಾದ ಜೋನಿಬೆಲ್ಲದ ಬಣ್ಣದ, ಉಗುರಿಗೆ ಮೇಣದಂತೆ ಸಿಗುವ ಒಂದು ಪದರ ಮಾತ್ರ ಕಾಣಿಸುತ್ತದೆ. ಈ ಪದರವನ್ನು ಲೋಹಕ್ಕೆ ಗೀರು ಬೀಳದಂತೆ, ನಮ್ಮ ಉಪ್ಪುಗಾಳಿಯಲ್ಲಿ ಮರುದಿನವೇ ತುಕ್ಕು ಹತ್ತದಂತೆ, ಬಾವಿಯ ನೀರು ಕೆಡದಂತೆ ಬಿಡಿಸುವುದು ಹೇಗೆಂಬುದನ್ನು ನನ್ನ ಅಂಗಳದಲ್ಲಿ ಮಾಡಿ ಕಲಿತಷ್ಟು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಪದರ ಏನೆಂಬುದನ್ನು ತಿಳಿಯಬೇಕು, ಏಕೆಂದರೆ ಬಿಡಿಸುವ ದಾರಿ ಅದರ ಗುಣದಲ್ಲಿಯೇ ಇದೆ. ಇದು ಬೇರಿಂಗಿಗೆ ತುಂಬುವ ಸಾಮಾನ್ಯ ಗ್ರೀಸಲ್ಲ. ತುಕ್ಕು ತಡೆಯುವುದಕ್ಕೆಂದೇ ಪೆಟ್ರೋಲಿಯಮ್ಮಿನಿಂದ ತಯಾರಿಸಿದ, ಮೇಣ ಮತ್ತು ಎಣ್ಣೆಗಳ ಮಿಶ್ರಣ. ಅಮೆರಿಕದಲ್ಲಿ ಕಾಸ್ಮೊಲಿನ್ ಎಂಬ ಹೆಸರಿನಲ್ಲಿ 19ನೆಯ ಶತಮಾನದ ಉತ್ತರಾರ್ಧದಲ್ಲಿ ಬಂದ ವಸ್ತು ಈ ಜಾತಿಯಲ್ಲಿ ಎಲ್ಲಕ್ಕಿಂತ ಹೆಸರಾದುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಡಗಿನಲ್ಲಿ ಕಳುಹಿಸುತ್ತಿದ್ದ ಬಂದೂಕು, ಎಂಜಿನ್, ಬಿಡಿಭಾಗಗಳಿಗೆಲ್ಲ ಇಂಥ ಲೇಪನವನ್ನೇ ಬಳಿಯುತ್ತಿದ್ದರು. 1941ರಿಂದ 1945ರ ನಡುವೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾದವು; ಯುದ್ಧ ಮುಗಿದ ಮೇಲೆ ಉಳಿದ ಬಿಡಿಭಾಗಗಳು ಹರಾಜಿನ ದಾರಿಯಲ್ಲಿ ಜಗತ್ತಿನ ಎಲ್ಲೆಡೆ ಹರಡಿದವು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿಯು ವಿಲ್ಲಿಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸತೊಡಗಿದ ಮೇಲೆ ಇಲ್ಲಿಯ ಭಾಗಗಳಿಗೂ ಇದೇ ಬಗೆಯ ಲೇಪನಗಳು ಬಂದವು.

ಹೊಸದರಲ್ಲಿ ಈ ಲೇಪನ ಮೆತ್ತಗಿರುತ್ತದೆ. ವರ್ಷಗಳು ಕಳೆದಂತೆ ಅದರಲ್ಲಿಯ ಹಗುರವಾದ ಎಣ್ಣೆಯ ಅಂಶ ಆವಿಯಾಗಿ ಹೋಗಿ, ಮೇಣದ ಅಂಶ ಉಳಿದು ಗಟ್ಟಿಯಾಗುತ್ತದೆ. ಎಷ್ಟೇ ಗಟ್ಟಿಯಾದರೂ ಸಾಮಾನ್ಯವಾಗಿ 45ರಿಂದ 55 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಕರಗುತ್ತದೆ. ಕುದಿಯುವ ನೀರು 100 ಡಿಗ್ರಿ ಮುಟ್ಟುತ್ತದೆ. ಮಾರ್ಚ್ ತಿಂಗಳ ಬಿಸಿಲಿನಲ್ಲಿಟ್ಟ ಕಪ್ಪು ತಗಡು ಕೂಡ ಆ ಮಟ್ಟಕ್ಕೆ ಸುಲಭವಾಗಿ ಕಾಯುತ್ತದೆ. ಆದುದರಿಂದ ಈ ಕೆಲಸದಲ್ಲಿ ಬಲಕ್ಕಿಂತ ಶಾಖಕ್ಕೆ ಮೊದಲ ಸ್ಥಾನ. ಉಳಿ, ಚಾಕು, ತಂತಿ ಬ್ರಶ್ಶುಗಳಿಂದ ಕೆರೆಯುವವರನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಹತ್ತಾರು ವರ್ಷ ಆ ಗ್ರೀಸು ಕಾಪಾಡಿಕೊಂಡು ಬಂದ ನುಣುಪನ್ನು ಅವರು ಹತ್ತು ನಿಮಿಷದಲ್ಲಿ ಕೆಡಿಸಿಬಿಡುತ್ತಾರೆ.

ಬಿಚ್ಚುವ ಮೊದಲು

ಜೋಡಿಸುವ ದಿನ ಗೊತ್ತಾಗದೆ ಗ್ರೀಸನ್ನು ಬಿಡಿಸಬೇಡಿ. "ಒಮ್ಮೆ ತೊಳೆದು ನೋಡೋಣ" ಎಂಬ ಆಸೆ ಸಹಜವಾದರೂ, ತೊಳೆದ ಕ್ಷಣದಿಂದ ಆ ಲೋಹ ಬತ್ತಲೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ, ಕಡಲಿನಿಂದ ಉಪ್ಪಿನ ಅಂಶ ಗಾಳಿಯಲ್ಲಿಯೇ ಬರುವ ಊರು ನಮ್ಮದು. ಗಾಳಿಯ ತೇವಾಂಶ ಶೇಕಡಾ 60ನ್ನು ದಾಟಿದ ಮೇಲೆ ಬರಿಯ ಉಕ್ಕಿಗೆ ತುಕ್ಕು ಹತ್ತುವ ವೇಗ ಹೆಚ್ಚುತ್ತದೆ. ಮಳೆಗಾಲದ ನಾಲ್ಕು ತಿಂಗಳು ನಾವು ಆ ಮಟ್ಟಕ್ಕಿಂತ ಎಷ್ಟೋ ಮೇಲೆಯೇ ಇರುತ್ತೇವೆ. ಈ ಕೆಲಸಕ್ಕೆ ಡಿಸೆಂಬರಿನಿಂದ ಏಪ್ರಿಲ್ ನಡುವಿನ ಬಿಸಿಲಿನ ದಿನ ಒಳ್ಳೆಯದು. ಅದರಲ್ಲಿಯೂ ಮಂಜಿನ ಪಸೆ ಆರಿದ ಮೇಲೆ, ಬೆಳಗ್ಗೆ ಹತ್ತು ಗಂಟೆಗೆ ಹೊರಟು ಮೂರು ಗಂಟೆಯೊಳಗೆ ಎಣ್ಣೆ ಬಳಿದು ಮುಗಿಸುವಷ್ಟನ್ನೇ ಒಂದು ದಿನಕ್ಕೆ ಎತ್ತಿಕೊಳ್ಳಬೇಕು.

ಪೊಟ್ಟಣದ ಮೇಲಿನ ಕಾಗದವನ್ನು ಹರಿದು ಎಸೆಯಬೇಡಿ. ಭಾಗದ ಸಂಖ್ಯೆ ಅದರ ಮೇಲೆ ಮಾತ್ರ ಅಚ್ಚಾಗಿರಬಹುದು, ಮತ್ತು ನೋಡಲು ಒಂದೇ ಬಗೆಯಾಗಿದ್ದು ಹಲ್ಲಿನ ಲೆಕ್ಕದಲ್ಲಿ ಬೇರೆಯಾದ ಗೇರುಗಳನ್ನು ಆ ಸಂಖ್ಯೆಯಿಲ್ಲದೆ ಗುರುತಿಸುವುದು ಕಷ್ಟ. ಒಂದು ಚಿತ್ರ ತೆಗೆದುಕೊಂಡು, ಸಂಖ್ಯೆಯನ್ನು ತಗಡಿನ ಚೂರಿನ ಮೇಲೆ ಮೊಳೆಯಿಂದ ಗೀಚಿ, ತಂತಿಯಲ್ಲಿ ಆ ಭಾಗಕ್ಕೇ ಕಟ್ಟಿಬಿಡಿ. ಶಾಯಿಯ ಬರಹ ತೊಳೆಯುವಾಗ ಹೋಗುತ್ತದೆ. ಕಾಗದ ಲೋಹಕ್ಕೆ ಅಂಟಿಕೊಂಡಿದ್ದರೆ ಎಳೆಯದೆ, ಅದರ ಮೇಲೆ ಸ್ವಲ್ಪ ಚಿಮಿಣಿ ಎಣ್ಣೆ (ಸೀಮೆಎಣ್ಣೆ) ಹನಿಸಿ ಅರ್ಧ ಗಂಟೆ ಬಿಟ್ಟರೆ ತಾನಾಗಿ ಸಡಿಲುತ್ತದೆ.

ಕೈಗೆ ನೈಟ್ರೈಲ್ ಗವಸು, ಕಣ್ಣಿಗೆ ಕನ್ನಡಕ, ಮೈಗೆ ಹತ್ತಿಯ ಹಳೆಯ ಬಟ್ಟೆ ಇರಲಿ. ಚಿಮಿಣಿ ಎಣ್ಣೆಯಲ್ಲಿ ಬರಿಗೈ ಅದ್ದಿ ಅಭ್ಯಾಸವಾದ ಮೇಸ್ತ್ರಿಗಳ ಬೆರಳ ಸಂದುಗಳು ಬಿರಿದು ನೋಯುವುದನ್ನು ಕಂಡವರು ಗವಸನ್ನು ಹಗುರವಾಗಿ ಕಾಣಲಾರರು. ಒಂದು ಬಕೆಟ್ ಒಣ ಮರಳು, ಸಾಧ್ಯವಾದರೆ ಪುಡಿಯ ಅಗ್ನಿಶಾಮಕ, ಕೈಗೆ ಸಿಗುವಂತಿರಬೇಕು. ಹೊತ್ತಿಕೊಂಡ ಎಣ್ಣೆಗೆ ನೀರು ಹೊಯ್ದರೆ ಎಣ್ಣೆ ತೇಲಿ ಬೆಂಕಿ ಇನ್ನಷ್ಟು ಹರಡುತ್ತದೆ.

ಪೆಟ್ರೋಲನ್ನು ಮಾತ್ರ ಮುಟ್ಟಬೇಡಿ. ಅದು ಗ್ರೀಸನ್ನು ಬೇಗ ಕರಗಿಸುತ್ತದೆಯೆಂಬುದು ನಿಜ. ಆದರೆ ಅದರ ಆವಿ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಕಿಡಿಗೆ ಹೊತ್ತಿಕೊಳ್ಳುವಂಥದ್ದು, ಗಾಳಿಗಿಂತ ಭಾರವಾಗಿ ನೆಲದ ಮೇಲೆ ಹರಿದು ದೂರದ ಒಲೆಯನ್ನೂ ಮುಟ್ಟುವಂಥದ್ದು. ನಮ್ಮ ಮನೆಗಳಲ್ಲಿ ಬಚ್ಚಲಿನ ಒಲೆ ಅಂಗಳದ ಅಂಚಿನಲ್ಲಿಯೇ ಇರುತ್ತದೆ ಎಂಬುದನ್ನು ಮರೆಯಬಾರದು.

ಬಿಸಿಲಿಗೆ ಕರಗಿಸುವುದು

ದಪ್ಪನೆಯ ಪದರವನ್ನು ಮೊದಲು ಬಿಸಿಲಿಗೆ ಒಪ್ಪಿಸಿ. ಹಳೆಯ ತಗಡಿನ ತಟ್ಟೆಯ ಮೇಲೆ ಕಬ್ಬಿಣದ ಜಾಲರಿಯಿಟ್ಟು, ಅದರ ಮೇಲೆ ಭಾಗವನ್ನು ತೂತುಗಳು ಕೆಳಮುಖವಾಗುವಂತೆ ಇಡಬೇಕು. ಒಟ್ಟನ್ನು ಕಪ್ಪು ಪ್ಲಾಸ್ಟಿಕ್ ಹಾಳೆಯಿಂದ ಸಡಿಲವಾಗಿ ಮುಚ್ಚಿ ಅಂಚುಗಳಿಗೆ ಕಲ್ಲು ಹೇರಬೇಕು. ಮೂರು ನಾಲ್ಕು ಗಂಟೆಯಲ್ಲಿ ಗ್ರೀಸು ಸಡಿಲಗೊಂಡು, ಜೇನಿನಂತೆ ಎಳೆಯಾಗಿ ತಟ್ಟೆಗೆ ಇಳಿಯುತ್ತದೆ. ಕ್ರ್ಯಾಂಕಿನಂಥ ಭಾರದ ಭಾಗ ಒಳಗಿನವರೆಗೆ ಕಾಯಲು ಇಡೀ ದಿನವೂ ಬೇಕಾಗಬಹುದು. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮನೆಯಲ್ಲಿ ಇನ್ನೂ ಚೆನ್ನಾಗಿ ಕಾಯುತ್ತದೆಂದು ಅಲ್ಲಿಗೆ ಒಯ್ಯುವ ಯೋಚನೆ ಬಂದರೆ ದಯವಿಟ್ಟು ಬಿಟ್ಟುಬಿಡಿ. ಬಾಯಿಗೆ ಹಾಕುವ ವಸ್ತು ಒಣಗುವ ಜಾಗಕ್ಕೆ ಪೆಟ್ರೋಲಿಯಮ್ ಗ್ರೀಸಿನ ವಾಸನೆಯೂ ಸೋಕಬಾರದು.

ಬಿಸಿ ಇರುವಾಗಲೇ ಉಳಿದುದನ್ನು ಬಿದಿರಿನ ಚಕ್ಕೆಯಿಂದ ಸವರಿ ತೆಗೆಯಿರಿ. ಬಿದಿರು ಉಕ್ಕಿಗಿಂತ ಮೆತ್ತಗಿರುವುದರಿಂದ ಗೀರು ಬೀಳುವುದಿಲ್ಲ, ಚಕ್ಕೆಯ ತುದಿಯನ್ನು ಗೇರಿನ ಹಲ್ಲಿನ ಆಕಾರಕ್ಕೆ ಕತ್ತಿಯಿಂದ ಕೆತ್ತಿಕೊಳ್ಳಲೂ ಬರುತ್ತದೆ. ತೆಗೆದ ಗ್ರೀಸನ್ನು ಹಾಕಲು ಒಂದು ಅಡಿಕೆ ಹಾಳೆ ಸಾಕು. ಅದರಲ್ಲಿ ಸೋರುವುದಿಲ್ಲ, ತಣಿದ ಮೇಲೆ ಮಡಚಿ ಡಬ್ಬಕ್ಕೆ ಸುರಿಯಬಹುದು. ಈ ಹಂತದಲ್ಲಿ ಎಷ್ಟು ಗ್ರೀಸು ಹೋಗುತ್ತದೋ ಮುಂದಿನ ಹಂತದಲ್ಲಿ ಅಷ್ಟು ಚಿಮಿಣಿ ಎಣ್ಣೆ ಉಳಿಯುತ್ತದೆ.

ಗ್ಯಾಸ್ ಟಾರ್ಚಿನ ಜ್ವಾಲೆಯನ್ನು ಗ್ರೀಸಿನ ಮೇಲೆ ಹಿಡಿಯುವುದು ಬೇಡ. ಒಂದು ಕಡೆ ಹೊಗೆಯೆದ್ದು ಬೆಂಕಿ ಹೊತ್ತಿಕೊಳ್ಳುತ್ತದೆ, ಇನ್ನೊಂದು ಕಡೆ ಗಡಸುಗೊಳಿಸಿದ ಗೇರಿನ ಹಲ್ಲು ಅತಿಯಾಗಿ ಕಾದು ತನ್ನ ಗಡಸುತನವನ್ನು ಕಳೆದುಕೊಳ್ಳಬಹುದು.

ಕುದಿನೀರಿನ ಸ್ನಾನ

ಸಣ್ಣ ಮತ್ತು ಮಧ್ಯಮ ಗಾತ್ರದ, ಒಂದೇ ತುಂಡಿನ ಉಕ್ಕು ಅಥವಾ ಎರಕದ ಭಾಗಗಳಿಗೆ ಕುದಿನೀರಿನಷ್ಟು ಅಗ್ಗವೂ ಸುರಕ್ಷಿತವೂ ಆದ ದಾರಿ ಬೇರೆಯಿಲ್ಲ. ಅಡುಗೆಎಣ್ಣೆ ಬರುವ ತಗಡಿನ ದೊಡ್ಡ ಡಬ್ಬದ ಮೇಲ್ಭಾಗವನ್ನು ಕತ್ತರಿಸಿದರೆ ಒಳ್ಳೆಯ ತೊಟ್ಟಿಯಾಗುತ್ತದೆ. ಪೆಟ್ರೋಲ್ ಅಥವಾ ಥಿನ್ನರ್ ತುಂಬಿದ್ದ ಡ್ರಮ್ಮನ್ನು ಇದಕ್ಕಾಗಿ ಗ್ಯಾಸಿನಲ್ಲಿ ಕತ್ತರಿಸಲು ಹೋಗಬೇಡಿ. ಖಾಲಿ ಡ್ರಮ್ಮಿನಲ್ಲಿ ಉಳಿದ ಆವಿಯೇ ಸಿಡಿಯುತ್ತದೆ. ಬಚ್ಚಲಿನ ಹಂಡೆಯನ್ನಾಗಲಿ ಅಡುಗೆಯ ಪಾತ್ರೆಯನ್ನಾಗಲಿ ಬಳಸಿದರೆ ಅದನ್ನು ಮತ್ತೆ ಮನೆಯೊಳಗೆ ತರಬಾರದು.

ಅಂಗಳದ ಮೂಲೆಯಲ್ಲಿ ಮೂರು ಕಲ್ಲು ಹೂಡಿ ಒಲೆ ಮಾಡಿ, ಡಬ್ಬದ ತಳದಲ್ಲಿ ಜಾಲರಿಯ ತುಂಡನ್ನು ಇಡಿ. ಭಾಗ ನೇರವಾಗಿ ತಳಕ್ಕೆ ತಾಗಿದರೆ ಅಲ್ಲಿಯ ಗ್ರೀಸು ಬಿಡುವುದಿಲ್ಲ. ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ದ್ರವ ಸೇರಿಸಿ, ಭಾಗಗಳನ್ನು ತಂತಿಯಲ್ಲಿ ಕಟ್ಟಿ ಇಳಿಬಿಟ್ಟು, ಮೆಲ್ಲನೆ ಕುದಿಸಿ. ಇಲ್ಲಿ ಕಣ್ಣಾರೆ ನೋಡುವಂಥ ಒಂದು ಸಂಗತಿ ನಡೆಯುತ್ತದೆ. ಮೊದಲು ಏನೂ ಆಗುವುದಿಲ್ಲ. ನೀರು ಕೈ ಸುಡುವ ಹದಕ್ಕೆ ಬಂದಾಗ ಗೇರಿನ ಹಲ್ಲುಗಳ ಬುಡದಿಂದ ಸಾಸಿವೆ ಕಾಳಿನಷ್ಟು ಕಂದು ಹನಿಗಳು ಒಂದೊಂದಾಗಿ ಬಿಟ್ಟುಕೊಂಡು ಮೇಲೇರುತ್ತವೆ, ಮೇಲೆ ಒಂದನ್ನೊಂದು ಕೂಡಿ ನಾಣ್ಯದಷ್ಟಾಗುತ್ತವೆ, ಕೊನೆಗೆ ಇಡೀ ನೀರಿನ ಮೇಲೆ ಬೆರಳು ದಪ್ಪದ ಕಂದು ಕೆನೆ ಕಟ್ಟುತ್ತದೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಹೊಸ ಹನಿಗಳು ಬರುವುದು ನಿಲ್ಲುತ್ತದೆ.

ಹೊಸಬರು ತಪ್ಪುವುದು ಈಗಲೇ. ಭಾಗವನ್ನು ಹಾಗೆಯೇ ಮೇಲೆತ್ತಿದರೆ ಅದು ಆ ಕೆನೆಯ ನಡುವಿನಿಂದಲೇ ಬರಬೇಕು; ಬಿಟ್ಟ ಗ್ರೀಸೆಲ್ಲ ತೆಳುವಾಗಿ ಮತ್ತೆ ಬಳಿದುಕೊಳ್ಳುತ್ತದೆ. ಆದುದರಿಂದ ಮೊದಲು ಉರಿಯನ್ನು ಎಳೆದು, ಹಳೆಯ ಸೌಟಿನಿಂದ ಕೆನೆಯನ್ನು ತೆಗೆದು ಬೇರೆ ಡಬ್ಬಕ್ಕೆ ಹಾಕಿ. ಕೆನೆ ಪೂರ್ತಿ ಹೋದ ಮೇಲೆ ಭಾಗವನ್ನು ಎತ್ತಿ, ಪಕ್ಕದಲ್ಲಿ ಕುದಿಯುತ್ತಿರುವ ಶುದ್ಧ ನೀರಿನ ಎರಡನೆಯ ಡಬ್ಬಕ್ಕೆ ಐದು ನಿಮಿಷ ಇಳಿಸಿ. ಎರಡನೆಯ ನೀರಿನಲ್ಲಿ ಕಾದ ಲೋಹ ಹೊರಗೆ ಬಂದೊಡನೆ ತನ್ನ ಬಿಸಿಯಿಂದಲೇ ಆರಿ ಒಣಗುತ್ತದೆ. ತಣ್ಣೀರಿನಲ್ಲಿ ತೊಳೆದರೆ ನೀರು ಸಂದುಗಳಲ್ಲಿ ನಿಂತು, ನೀವು ಊಟ ಮಾಡಿ ಬರುವಷ್ಟರಲ್ಲಿ ಕಿತ್ತಳೆ ಬಣ್ಣದ ತುಕ್ಕು ಮೂಡಿರುತ್ತದೆ.

ಕಾಸ್ಟಿಕ್ ಸೋಡಾದ ಬಗ್ಗೆ ಒಂದು ಮಾತು. ತೆಂಗಿನೆಣ್ಣೆಗೆ ಕಾಸ್ಟಿಕ್ ಬೆರೆಸಿ ಮನೆಯಲ್ಲಿ ಸಾಬೂನು ಮಾಡಿದವರು ಗ್ರೀಸಿಗೂ ಅದನ್ನೇ ಹಾಕಿದರೆ ಸಾಬೂನಾಗಿ ಹೋಗುತ್ತದೆಂದು ಭಾವಿಸುತ್ತಾರೆ. ಹಾಗಾಗುವುದಿಲ್ಲ. ಸಾಬೂನಾಗುವುದು ಸಸ್ಯದ ಎಣ್ಣೆ ಮತ್ತು ಪ್ರಾಣಿಯ ಕೊಬ್ಬು; ನೆಲದಿಂದ ಬಂದ ಪೆಟ್ರೋಲಿಯಮ್ ಮೇಣಕ್ಕೆ ಆ ಗುಣವಿಲ್ಲ. ಅದರ ಬದಲು ಕಾಸ್ಟಿಕ್ ಅಲ್ಯೂಮಿನಿಯಮನ್ನೂ ಸತುವನ್ನೂ ತಿಂದು ಹೈಡ್ರೋಜನ್ ಅನಿಲವನ್ನು ಬಿಡುತ್ತದೆ. ಕಾರ್ಬ್ಯುರೇಟರು, ಇಂಧನ ಪಂಪು, ಟೈಮಿಂಗ್ ಕವರುಗಳಂಥ ಬೂದು ಬಿಳಿ ಲೋಹದ ಭಾಗಗಳನ್ನು ಕಾಸ್ಟಿಕ್‌ನಲ್ಲಿ ಮುಳುಗಿಸಿದರೆ ಅವು ಕಪ್ಪಾಗಿ, ಹುಳು ಹಿಡಿದಂತೆ ಆಗಿ ಹೊರಬರುತ್ತವೆ. ಬಟ್ಟೆ ತೊಳೆಯುವ ಸೋಡಾ ಕೂಡ ಬಿಸಿ ನೀರಿನಲ್ಲಿ ಈ ಲೋಹಗಳಿಗೆ ಒಳ್ಳೆಯದಲ್ಲ.

ಚಿಮಿಣಿ ಎಣ್ಣೆಯ ಮೂರು ತಟ್ಟೆಗಳು

ಕುದಿನೀರಿಗೆ ಹಾಕಲಾಗದವಕ್ಕೆ, ಅಂದರೆ ದೊಡ್ಡ ಭಾಗಗಳಿಗೆ, ಬೇರಿಂಗುಗಳಿಗೆ, ನೀರು ಸಿಕ್ಕಿಕೊಂಡರೆ ಹೊರತೆಗೆಯಲಾಗದ ಜೋಡಣೆಗಳಿಗೆ ಚಿಮಿಣಿ ಎಣ್ಣೆ ಇಲ್ಲವೆ ಪೇಂಟಿನ ಅಂಗಡಿಯ ಮಿನರಲ್ ಟರ್ಪೆಂಟೈನ್ ಬೇಕು. ಇವೆರಡೂ ಹೊತ್ತಿಕೊಳ್ಳಬಲ್ಲ ಆವಿ ಬಿಡತೊಡಗುವುದು ಸುಮಾರು 38 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ. ಬೇಸಗೆಯ ನಡುಹಗಲಿನಲ್ಲಿ ನಮ್ಮ ಗಾಳಿಯೇ ಅದಕ್ಕೆ ಸಮೀಪ ಬರುತ್ತದೆ. ಆದುದರಿಂದ ಬಿಸಿಲಿಗೆ ಕಾಯಿಸಿದ ಭಾಗವನ್ನು ನೆರಳಿಗೆ ತಂದು, ಮುಟ್ಟಿದರೆ ಬಿಸಿ ಎನಿಸದಷ್ಟು ತಣಿದ ಮೇಲೆಯೇ ಎಣ್ಣೆಗೆ ಇಳಿಸಬೇಕು. ಎಣ್ಣೆಯನ್ನು ಒಲೆಯ ಮೇಲಿಟ್ಟು ಬಿಸಿ ಮಾಡುವುದಂತೂ ಎಂದಿಗೂ ಕೂಡದು. ಕುದಿನೀರಿನ ಕೆಲಸ ಮತ್ತು ಚಿಮಿಣಿ ಎಣ್ಣೆಯ ಕೆಲಸವನ್ನು ನಾನು ಬೇರೆ ಬೇರೆ ದಿನ ಮಾಡುತ್ತೇನೆ.

ಮೂರು ತಟ್ಟೆಗಳಲ್ಲಿ ಒಂದೊಂದು ಲೀಟರಿನಷ್ಟು ಎಣ್ಣೆ ಹಾಕಿ. ಮೊದಲನೆಯದರಲ್ಲಿ ಭಾಗವನ್ನು ಒಂದೆರಡು ಗಂಟೆ ನೆನೆಸಿ ಬ್ರಶ್ಶಿನಿಂದ ಉಜ್ಜಬೇಕು, ಎರಡನೆಯದರಲ್ಲಿ ತೊಳೆಯಬೇಕು, ಮೂರನೆಯದರಲ್ಲಿ ಅದ್ದಿ ತೆಗೆಯಬೇಕು. ಮೊದಲನೆಯದು ಕಪ್ಪಾದಾಗ ಅದನ್ನು ಮಡ್ಡಿ ಡಬ್ಬಕ್ಕೆ ಸುರಿದು, ಎರಡನೆಯದನ್ನು ಮೊದಲನೆಯದಾಗಿಯೂ ಮೂರನೆಯದನ್ನು ಎರಡನೆಯದಾಗಿಯೂ ಮಾಡಿ, ಕೊನೆಯ ತಟ್ಟೆಗೆ ಮಾತ್ರ ಹೊಸ ಎಣ್ಣೆ ಹಾಕಿ. ಮಡ್ಡಿಯ ಎಣ್ಣೆಯನ್ನು ಮುಚ್ಚಳ ಬಿಗಿದು ಎರಡು ದಿನ ಅಲುಗಿಸದೆ ಇಟ್ಟರೆ ಕೆಸರು ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಬಸಿದು ಮುಂದಿನ ಸಲದ ಮೊದಲ ತಟ್ಟೆಗೆ ಬಳಸಬಹುದು. ರೇಷನ್ನಿನಲ್ಲಿ ಚಿಮಿಣಿ ಎಣ್ಣೆ ಹಿಂದಿನಂತೆ ಸಿಗದ ಈ ದಿನಗಳಲ್ಲಿ ಇದು ಸಣ್ಣ ಉಳಿತಾಯವಲ್ಲ. ಡೀಸೆಲ್ ಕೂಡ ಕೆಲಸಕ್ಕೆ ಬರುತ್ತದೆ, ಆದರೆ ಹಿಂದೆ ಎಣ್ಣೆಯ ಪದರ ಬಿಡುತ್ತದೆ. ಬಣ್ಣ ಬಳಿಯುವ ಭಾಗಕ್ಕೆ ಅದು ಸಲ್ಲದು.

ತೂತುಗಳೇ ಮುಖ್ಯ

ಇಷ್ಟರವರೆಗೆ ಹೇಳಿದ್ದೆಲ್ಲ ಕಣ್ಣಿಗೆ ಕಾಣುವ ಗ್ರೀಸಿನ ಮಾತು. ಎಂಜಿನ್ ಉಳಿಯುವುದು ಅಥವಾ ಹಾಳಾಗುವುದು ಕಾಣದ ಗ್ರೀಸಿನಿಂದ.

ಹಲವು ವರ್ಷಗಳ ಹಿಂದೆ ಅಟ್ಟದಲ್ಲಿದ್ದ ಒಂದು ಕ್ರ್ಯಾಂಕನ್ನು ನಾನೇ ತೊಳೆದು ನಮ್ಮ ಜೀಪಿಗೆ ಹಾಕಿಸಿದೆ. ಹೊರಮೈ ಮುಖ ನೋಡಿಕೊಳ್ಳುವಷ್ಟು ಮಿಂಚುತ್ತಿತ್ತು. ಎಂಜಿನ್ ಚೆನ್ನಾಗಿಯೇ ಹೊರಟಿತು, ಎಣ್ಣೆಯ ಒತ್ತಡದ ಮುಳ್ಳೂ ಸರಿಯಾಗಿತ್ತು. ಮೂರನೆಯ ದಿನ ಅಡಿಕೆ ಹೇರಿಕೊಂಡು ಗುಡ್ಡೆಯ ಏರು ಹತ್ತುವಾಗ ಒಳಗಿನಿಂದ ಸುತ್ತಿಗೆ ಬಡಿದಂಥ ಸದ್ದು ಬಂತು. ಬಿಚ್ಚಿದಾಗ ನಾಲ್ಕನೆಯ ಸಿಲಿಂಡರಿನ ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ನಿನ ರಾಡ್ ಕ್ರ್ಯಾಂಕನ್ನು ಹಿಡಿಯುವ ಜಾಗದ್ದು) ಕರಗಿ ಹೋಗಿತ್ತು, ಅಲ್ಲಿಗೆ ಎಣ್ಣೆ ಒಯ್ಯಬೇಕಾದ ತೂತಿನಲ್ಲಿ ಮೇಣದಬತ್ತಿಯ ತುಂಡಿನಂತೆ ಹಳೆಯ ಗ್ರೀಸು ಗಟ್ಟಿಯಾಗಿ ಕುಳಿತಿತ್ತು. ನಮ್ಮ ಮೇಸ್ತ್ರಿ ಅದನ್ನು ತಂತಿಯಿಂದ ತಳ್ಳಿ ನನ್ನ ಅಂಗೈಗೆ ಹಾಕಿ, "ಅಣ್ಣಾ, ಹೊರಗೆ ಮಿಂಚಿದ್ದು ಸಾಕು, ಇದರೊಳಗೆ ಎಣ್ಣೆ ಓಡಬೇಕಲ್ಲವೇ" ಎಂದರು. ಆ ತಪ್ಪು ನನ್ನದು, ಆ ಖರ್ಚೂ ನನ್ನದೇ. ನಿಮಗೆ ಹಾಗಾಗಬಾರದೆಂದೇ ಈ ಭಾಗವನ್ನು ಹೆಚ್ಚು ವಿವರವಾಗಿ ಬರೆಯುತ್ತಿದ್ದೇನೆ.

ಕ್ರ್ಯಾಂಕಿನಲ್ಲಿ ಬೇರಿಂಗಿನೊಳಗೆ ತಿರುಗುವ ನುಣುಪಾದ ಭಾಗಗಳಿಗೆ ಜರ್ನಲ್ ಎನ್ನುತ್ತಾರೆ; ಮೈನ್ ಜರ್ನಲುಗಳಿಂದ ಕನೆಕ್ಟಿಂಗ್ ರಾಡ್ ಕೂರುವ ಜರ್ನಲುಗಳಿಗೆ ಓರೆಯಾಗಿ ಕೊರೆದ ದಾರಿಗಳಿರುತ್ತವೆ. ವಿಲ್ಲಿಸ್ ಜೀಪಿನ ಹಳೆಯ ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಮೂರು ಮೈನ್ ಜರ್ನಲುಗಳು ಮತ್ತು ನಾಲ್ಕು ರಾಡ್ ಜರ್ನಲುಗಳಿವೆ. ಮೊದಲು ಒಂದು ಕಾಗದದ ಮೇಲೆ ಕ್ರ್ಯಾಂಕಿನ ಚಿತ್ರ ಗೀಚಿ, ತೂತುಗಳನ್ನೆಲ್ಲ ಗುರುತಿಸಿ, ಯಾವ ತೂತು ಎಲ್ಲಿಗೆ ಹೋಗುತ್ತದೆಂದು ಬರೆದುಕೊಳ್ಳಿ. ಬಿಸಿಲಿನಲ್ಲಿ ಚೆನ್ನಾಗಿ ಕಾಯಿಸಿ, ತಿರುಗಿಸಿ ತಿರುಗಿಸಿ ಇಟ್ಟು, ಕರಗಿದಷ್ಟನ್ನು ಇಳಿಯಲು ಬಿಡಿ. ಬಳಿಕ ಮೆತ್ತಗಿನ ತಾಮ್ರದ ತಂತಿಯನ್ನು ತೂರಿಸಿ ಒಳಗಿನ ಮುದ್ದೆಯನ್ನು ಸಡಿಲಿಸಿ. ಹಿಡಿಸೂಡಿ (ಪೊರಕೆ) ಕಡ್ಡಿ ಕೈಗೆ ಸುಲಭವಾಗಿ ಸಿಗುತ್ತದೆ, ಆದರೆ ಒಳಗೆ ಮುರಿದು ಉಳಿದರೆ ಗ್ರೀಸಿಗಿಂತ ಕೆಟ್ಟ ತಡೆಯಾಗುತ್ತದೆ. ತೆಂಗಿನ ನಾರು, ಹತ್ತಿಯ ಚೂರುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಕ್ರ್ಯಾಂಕ್ ತಣಿದ ಮೇಲೆ, ದನಗಳಿಗೆ ಮದ್ದು ಕುಡಿಸುವಂಥ ದೊಡ್ಡ ಪ್ಲಾಸ್ಟಿಕ್ ಸಿರಿಂಜಿನಲ್ಲಿ ಚಿಮಿಣಿ ಎಣ್ಣೆ ತುಂಬಿ, ಮೈನ್ ಜರ್ನಲಿನ ತೂತಿಗೆ ಒತ್ತಿ ಹಿಡಿದು ಚಿಮ್ಮಿಸಿ, ಇನ್ನೊಂದು ತುದಿಯನ್ನು ಗಮನಿಸುತ್ತಿರಿ. ಮೊದಲು ಏನೂ ಬರದಿರಬಹುದು. ಆಗ ಎಣ್ಣೆಯನ್ನು ಒಳಗೆ ನಿಲ್ಲಿಸಿ ಒಂದು ರಾತ್ರಿ ಬಿಡಬೇಕು. ಮರುದಿನ ಮತ್ತೆ ಒತ್ತಿದಾಗ ಮೊದಲು ಕಂದು ಬಣ್ಣದ ಹುಳುವಿನಂಥ ಒಂದು ಎಳೆ ಹೊರಬರುತ್ತದೆ, ಆಮೇಲೆ ಕಲಕಿದ ಚಹಾದಂಥ ಎಣ್ಣೆ, ಕೊನೆಗೆ ತಿಳಿಯಾದ ಧಾರೆ. ಧಾರೆ ತಿಳಿಯಾದ ಮೇಲೂ ನೈಲಾನ್ ಕೂದಲಿನ ಸಪೂರ ಬ್ರಶ್ಶನ್ನು ಆಚೆಯಿಂದ ಈಚೆಗೆ ಎಳೆದು, ಇನ್ನೊಮ್ಮೆ ಎಣ್ಣೆ ಬಿಟ್ಟು, ಬಿಳಿಯ ಬಟ್ಟೆಯ ಮೇಲೆ ಅದನ್ನು ಹಿಡಿದು ನೋಡಿ. ಬಟ್ಟೆಯ ಮೇಲೆ ಕಂದು ಕಲೆಯಾಗಲಿ ಮರಳಿನಂಥ ಕಾಳಾಗಲಿ ಉಳಿಯದಿದ್ದಾಗ ಮಾತ್ರ ಕಾಗದದ ಮೇಲೆ ಆ ದಾರಿಗೆ ಗುರುತು ಹಾಕಿ, ಮುಂದಿನದಕ್ಕೆ ಹೋಗಬೇಕು. ಕೆಲವು ಕ್ರ್ಯಾಂಕುಗಳಲ್ಲಿ ಕೊರೆದ ದಾರಿಯ ತುದಿಯನ್ನು ಪ್ಲಗ್ಗಿನಿಂದ ಮುಚ್ಚಿರುತ್ತಾರೆ. ಅದರ ಹಿಂದಿನ ಕುಹರದಲ್ಲಿ ಗ್ರೀಸು ನಿಂತಿರುವುದು ಖಂಡಿತ, ಆದುದರಿಂದ ತಿಳಿದವರಿಂದ ಪ್ಲಗ್ ತೆಗೆಸಿ ತೊಳೆದು ಹೊಸದನ್ನು ಹಾಕಿಸಬೇಕು.

ಇದೇ ಕಾಳಜಿ ರಾಕರ್ ಶಾಫ್ಟಿನ ತೂತುಗಳಿಗೆ, ಕ್ಯಾಮ್ ಶಾಫ್ಟಿನ ದಾರಿಗಳಿಗೆ, ಗೇರ್ ಬುಷ್ಷಿನ ತೂತಿಗೆ, ಗ್ರೀಸ್ ನಿಪ್ಪಲಿನ ಒಳಗಿನ ಸಣ್ಣ ಗುಂಡಿಗೆ ಬೇಕು. ಇನ್ನೊಂದು ಜಾಗವನ್ನು ಎಲ್ಲರೂ ಮರೆಯುತ್ತಾರೆ: ತಳ ಮುಚ್ಚಿದ ಮರೆಯ ತೂತುಗಳು, ಬೋಲ್ಟ್ ಕೂರುವಂಥವು. ಅವುಗಳ ತಳದಲ್ಲಿ ಗ್ರೀಸು ತುಂಬಿದ್ದರೆ, ಬೋಲ್ಟ್ ಬಿಗಿಸುವಾಗ ಅದಕ್ಕೆ ಹೋಗಲು ದಾರಿಯಿಲ್ಲದೆ ಒತ್ತಡ ಏರಿ, ಎರಕದ ಲೋಹ ಬಿರಿಯಬಹುದು. ಬಿರಿಯದಿದ್ದರೂ ಬೋಲ್ಟ್ ಬಿಗಿಯಾದಂತೆ ತೋರಿ ನಿಜವಾಗಿ ಸಡಿಲವಾಗಿಯೇ ಇರುತ್ತದೆ. ಅಂಥ ತೂತುಗಳಿಗೆ ಚಿಮಿಣಿ ಎಣ್ಣೆ ಬಿಟ್ಟು, ಬಟ್ಟೆ ಸುತ್ತಿದ ಕಡ್ಡಿಯಿಂದ ತಿರುಪಿನ ಸಾಲುಗಳನ್ನು ಒರೆಸಿ ತಳದವರೆಗೆ ಒಣಗಿಸಿ.

ಬೇರೆ ಕೈ ಬೇಕಾದ ಭಾಗಗಳು

ಬಾಲ್ ಮತ್ತು ರೋಲರ್ ಬೇರಿಂಗುಗಳು ಹೊಸ ಪೊಟ್ಟಣದಲ್ಲಿದ್ದು ಅವುಗಳ ರಕ್ಷಣಾ ಎಣ್ಣೆ ತೆಳುವಾಗಿಯೇ ಉಳಿದಿದ್ದರೆ ಒಳಗನ್ನು ತೊಳೆಯುವುದು ಬೇಡ. ಹೊರಮೈ ಮತ್ತು ನಡುವಿನ ತೂತನ್ನು ಒರೆಸಿದರೆ ಸಾಕು. ಗಟ್ಟಿಯಾಗಿ ಬಣ್ಣಗೆಟ್ಟಿದ್ದರೆ ಮಾತ್ರ ಚಿಮಿಣಿ ಎಣ್ಣೆಯಲ್ಲಿ ನೆನೆಸಿ ತೊಳೆದು, ಒಣಗಿದೊಡನೆ ಸರಿಯಾದ ಗ್ರೀಸು ತುಂಬಬೇಕು. ಕಂಪ್ರೆಸರಿನ ಗಾಳಿಯಿಂದ ಬೇರಿಂಗನ್ನು ಗಿರ್ರನೆ ತಿರುಗಿಸುವ ಚಟ ಅನೇಕರಿಗಿದೆ. ಎಣ್ಣೆಯಿಲ್ಲದೆ ಆ ವೇಗದಲ್ಲಿ ತಿರುಗಿದ ಬೇರಿಂಗ್ ಕೆಡುವುದು ಮಾತ್ರವಲ್ಲ, ಒಡೆದು ಅದರ ಗುಂಡುಗಳು ಹಾರಿ ಮುಖಕ್ಕೆ ಬಡಿಯಬಹುದು.

ಬ್ರೇಕಿನ ಸಿಲಿಂಡರುಗಳಿಗೆ ಚಿಮಿಣಿ ಎಣ್ಣೆ, ಡೀಸೆಲ್ ಯಾವುದೂ ತಾಗಬಾರದು. ಅವುಗಳ ಬಟ್ಟಲಿನಾಕಾರದ ರಬ್ಬರ್ ಸೀಲುಗಳು ಬ್ರೇಕ್ ಎಣ್ಣೆಗೆ ಹೊಂದುವಂತೆ ಮಾಡಿದವು; ಪೆಟ್ರೋಲಿಯಮ್ಮಿನ ಲವಲೇಶ ಉಳಿದರೂ ಅವು ಉಬ್ಬಿ ಬ್ರೇಕ್ ಸಿಕ್ಕಿಕೊಳ್ಳುತ್ತದೆ. ಹೊರಗಿನ ಗ್ರೀಸನ್ನು ಒರೆಸಿ, ಒಳಮೈಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಎರಡು ಮೂರು ಸಲ ತೊಳೆದು, ಹೊಸ ಬ್ರೇಕ್ ಎಣ್ಣೆ ಸವರಿ ಜೋಡಿಸಬೇಕು. ಹಳೆಯ ರಬ್ಬರನ್ನು ಎಸೆದುಬಿಡಿ. ಗ್ರೀಸು ಹೀರಿದ ಬ್ರೇಕ್ ಲೈನಿಂಗನ್ನೂ ತೊಳೆದು ಉಳಿಸಲು ನೋಡಬೇಡಿ. ಕ್ಯಾನಿನಲ್ಲಿ ಬರುವ ಬ್ರೇಕ್ ಕ್ಲೀನರುಗಳಲ್ಲಿ ಕೆಲವಕ್ಕೆ ಕ್ಲೋರಿನ್ ಸೇರಿದ ದ್ರಾವಕವಿರುತ್ತದೆ. ಅದು ತಾಗಿದ ಭಾಗವನ್ನು ಬಳಿಕ ವೆಲ್ಡ್ ಮಾಡಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು.

ಸ್ಟಾರ್ಟರ್ ಮೋಟರಿನ ಕಂಚಿನ ಬುಷ್ಷುಗಳಲ್ಲಿ ಅನೇಕವು ಎಣ್ಣೆ ಹೀರಿಸಿದ ಸರಂಧ್ರ ಲೋಹದವು. ತೊಳೆದಾಗ ಅವುಗಳೊಳಗಿನ ಎಣ್ಣೆಯೂ ಹೋಗುವುದರಿಂದ, ಜೋಡಿಸುವ ಮೊದಲು ಎಂಜಿನ್ ಎಣ್ಣೆಯಲ್ಲಿ ಒಂದು ರಾತ್ರಿ ಮುಳುಗಿಸಿಡಿ.

ಒಣಗಿಸಿ ಎಣ್ಣೆ ಬಳಿಯುವುದು

ಚಿಮಿಣಿ ಎಣ್ಣೆ ತುಕ್ಕನ್ನು ತಡೆಯುವುದಿಲ್ಲ. ತೊಳೆದ ಭಾಗವನ್ನು ನಾರು ಬಿಡದ ಬಟ್ಟೆಯಿಂದ ಒರೆಸಿ, ಗಾಳಿ ಊದಿ, ಉಗುರುಬೆಚ್ಚಗೆ ಇರುವಾಗಲೇ ತೆಳುವಾಗಿ ಎಂಜಿನ್ ಎಣ್ಣೆ ಸವರಬೇಕು. ಬರಿಗೈಯಿಂದ ಮುಟ್ಟಿದರೆ ಬೆವರಿನ ಉಪ್ಪು ಅಂಟಿ, ವಾರದೊಳಗೆ ನಿಮ್ಮ ಬೆರಳ ಗುರುತೇ ತುಕ್ಕಾಗಿ ಮೂಡುತ್ತದೆ; ಗವಸು ಇಲ್ಲಿಯವರೆಗೂ ಇರಲಿ. ಒರೆಸಿದಾಗ ಗ್ರೀಸಿನ ಕೆಳಗೆ ತುಕ್ಕಿನ ಚುಕ್ಕೆಗಳು ಕಂಡರೆ, ಬೇರಿಂಗ್ ಕೂರದ ಜಾಗದಲ್ಲಿ ಸಣ್ಣ ಎಮರಿ ಕಾಗದಕ್ಕೆ ಎಣ್ಣೆ ಹಾಕಿ ತಿಕ್ಕಬಹುದು. ಜರ್ನಲಿನ ಮೇಲೆ ಕುಳಿ ಬಿದ್ದಿದ್ದರೆ ಕೈ ಹಾಕದೆ ಮೈಕ್ರೋಮೀಟರ್ ಇರುವ ಲೇತ್ ಅಂಗಡಿಗೆ ಒಯ್ಯಬೇಕು. ಬಣ್ಣ ಬಳಿಯುವ ಭಾಗಕ್ಕೆ ಎಣ್ಣೆಯ ಬದಲು ಬಿಸಿ ಸಾಬೂನು ನೀರಿನ ತೊಳೆತ ಬೇಕು. ಕೊನೆಯಲ್ಲಿ ಶುದ್ಧ ನೀರು ಹೊಯ್ದಾಗ ನೀರು ಹನಿಹನಿಯಾಗಿ ಒಡೆಯದೆ ಒಂದೇ ಪದರವಾಗಿ ಹರಿದರೆ ಗ್ರೀಸು ಪೂರ್ತಿ ಹೋಗಿದೆ ಎಂದರ್ಥ.

ಮಡ್ಡಿಯನ್ನು ಎಲ್ಲಿ ಹಾಕಬೇಕು

ನಮ್ಮ ನೆಲ ಮುರಕಲ್ಲು. ತೂತು ತೂತಾದ ಆ ಕಲ್ಲಿನಲ್ಲಿ ಮಳೆನೀರು ಇಳಿದು, ಗುಡ್ಡೆಯ ಹೊಟ್ಟೆಯಲ್ಲಿ ನಿಂತು, ನಮ್ಮ ಬಾವಿಗಳಿಗೂ ಸುರಂಗಗಳಿಗೂ ಒಸರುತ್ತದೆ. ಗುಡ್ಡೆಯನ್ನು ಅಡ್ಡಲಾಗಿ ಕೊರೆದು ಗುದ್ದಲಿಯೇಟಿನಲ್ಲಿ ಹಿರಿಯರು ತಂದ ಆ ಸುರಂಗದ ನೀರನ್ನು ಇಂದಿಗೂ ಕುಡಿಯುವ ಮನೆಗಳಿವೆ. ಮೇಲಿನ ಅಂಗಳದಲ್ಲಿ ಚೆಲ್ಲಿದ ಒಂದು ಡಬ್ಬ ಚಿಮಿಣಿ ಎಣ್ಣೆ ಕೆಳಗಿನ ಮನೆಯವರ ಕುಡಿಯುವ ನೀರಿಗೆ ವಾಸನೆ ಹತ್ತಿಸಬಲ್ಲದು, ಹತ್ತಿದ ವಾಸನೆ ಬೇಗ ಹೋಗುವುದೂ ಇಲ್ಲ. ಆದುದರಿಂದ ಕೆಲಸದ ಜಾಗದ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸಿ, ಅಂಚನ್ನು ಮಡಚಿ ತೊಟ್ಟಿಯಂತೆ ಮಾಡಿಕೊಳ್ಳಿ. ಕುದಿನೀರಿನ ಡಬ್ಬವನ್ನು ರಾತ್ರಿಯಿಡೀ ತಣಿಯಲು ಬಿಟ್ಟರೆ ಉಳಿದ ಗ್ರೀಸು ಮೇಲೆ ಬಿಲ್ಲೆಯಾಗಿ ಗಟ್ಟಿಯಾಗುತ್ತದೆ. ಅದನ್ನು ಎತ್ತಿ ತೆಗೆದು, ನೀರನ್ನು ಬಟ್ಟೆಯಲ್ಲಿ ಸೋಸಿ, ಬಾವಿ ಮತ್ತು ತೋಡಿನಿಂದ ದೂರದ ಜಾಗಕ್ಕೆ ಹೊಯ್ಯಿರಿ. ಬಿಲ್ಲೆ, ಮಡ್ಡಿ, ಕಪ್ಪಾದ ಎಣ್ಣೆಗಳನ್ನು ಮುಚ್ಚಳದ ಡಬ್ಬದಲ್ಲಿ ಕೂಡಿಟ್ಟು, ಹಳೆಯ ಎಂಜಿನ್ ಎಣ್ಣೆಯನ್ನು ಸಂಗ್ರಹಿಸಿ ಕಳುಹಿಸುವ ಗ್ಯಾರೇಜಿಗೆ ತಲುಪಿಸಿ. 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಧಿಕೃತ ಮರುಬಳಕೆದಾರರಿಗೆ ಹೋಗಬೇಕು. ಎಣ್ಣೆ ಹೀರಿದ ಬಟ್ಟೆಗಳನ್ನು ಮುದ್ದೆ ಮಾಡಿ ಸೌದೆಯ ಕೊಟ್ಟಿಗೆಯಲ್ಲಿ ಬಿಡದೆ, ಮುಚ್ಚಳದ ತಗಡಿನ ಡಬ್ಬಕ್ಕೆ ಹಾಕಿಡಿ.

ಸದ್ಯಕ್ಕೆ ಬೇಡ ಎಂದು ತೋರಿದ ಭಾಗಗಳನ್ನು, ಅಥವಾ ಪರೀಕ್ಷೆಗಾಗಿ ತೊಳೆದು ಜೋಡಿಸದೆ ಉಳಿದವನ್ನು ಮತ್ತೆ ಕಾಪಿಡಬೇಕಾಗುತ್ತದೆ. ಮನೆಯಲ್ಲಿದೆಯೆಂದು ತೆಂಗಿನೆಣ್ಣೆ ಬಳಿಯಬೇಡಿ; ಅದು ಕಾಲಕ್ರಮೇಣ ಮುಗ್ಗಿ ಅಂಟಾಗುತ್ತದೆ, ಅದರ ಆಮ್ಲದಿಂದ ಕಂಚು ಮತ್ತು ತಾಮ್ರದ ಮೇಲೆ ಹಸಿರು ಕಿಲುಬು ಹಿಡಿಯುತ್ತದೆ. ಪೆಟ್ರೋಲಿಯಮ್ ಜೆಲ್ಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ ಬ್ರಶ್ಶಿನಿಂದ ಬಳಿದು, ಮೇಣದ ಕಾಗದ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಇಡಿ. ತೂತುಗಳಿಗೆ ಜೆಲ್ಲಿಯನ್ನು ತುಂಬುವ ಬದಲು ಎಂಜಿನ್ ಎಣ್ಣೆ ಹನಿಸಿ ಮರದ ಬೆಣೆಯಿಂದ ಮುಚ್ಚಿ, ಎಷ್ಟು ಬೆಣೆ ಹಾಕಿದ್ದೀರೆಂಬ ಲೆಕ್ಕವನ್ನು ಆ ತಗಡಿನ ಚೂರಿನ ಮೇಲೆಯೇ, ಭಾಗದ ಸಂಖ್ಯೆಯ ಕೆಳಗೆ, ಮೊಳೆಯಿಂದ ಗೀಚಿಡಿ.